ಒಂಬತ್ತನೇ ರೈಫಲಿನ ಮೊದಲ ಎಳೆತ

ಬೋಲ್ಟಿನ ಹಿಡಿಕೆಯನ್ನು ಕೆಳಗೆ ಒತ್ತಿದ್ದೆ, ಅಷ್ಟೇ. ‘ಟಕ್’ ಎಂದಿತು. ನನ್ನ ಬೆರಳು ಟ್ರಿಗರಿನ ಹತ್ತಿರವೂ ಇರಲಿಲ್ಲ.

ರೈಫಲ್ ಖಾಲಿಯಿತ್ತು. ಖಾಲಿಯೆಂದು ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿಯೇ ಒರೆಸಲು ಎತ್ತಿಕೊಂಡಿದ್ದೆ. ಆದರೂ ಎದುರಿನ ಗೋಡೆಯ ಕಡೆ ಕಣ್ಣು ಹೋಯಿತು, ಅಲ್ಲೊಂದು ತೂತು ಬಿದ್ದಿರಬಹುದೇನೋ ಎಂಬಂತೆ. ಸುಣ್ಣದ ಗೋಡೆ ಇದ್ದ ಹಾಗೇ ಇತ್ತು. ರೈಫಲನ್ನು ಮೇಜಿನ ಮೇಲಿಟ್ಟು ಮತ್ತೊಮ್ಮೆ ಕಿರುಬೆರಳು ಹಾಕಿ ನೋಡಿದೆ.

ಕೊಚ್ಚಿ ಹತ್ತಿರದ ಕಾಕ್ಕನಾಡಿನಲ್ಲಿ ನಮ್ಮ ರೈಫಲ್ ಕ್ಲಬ್ಬಿನ ಕೋತ್ ಇದು. ಕೋತ್ ಎಂದರೆ ಬಂದೂಕುಗಳನ್ನು ಬೀಗ ಹಾಕಿಡುವ ಕೋಣೆ; ಸೈನ್ಯದ ಮಾತು, ಇಲ್ಲಿ ಬಂದೂಕು ರಿಪೇರಿ ನೋಡಿಕೊಳ್ಳುವ ಉಪೇಂದ್ರ ಸರ್ ಜೊತೆ ಬಂದದ್ದು. ಭೌತಶಾಸ್ತ್ರದಲ್ಲಿ ಪದವಿ ಮುಗಿಸಿ ಕಾಸರಗೋಡಿನಿಂದ ಬಂದ ನಾನು ಈ ಕೆಲಸಕ್ಕೆ ಸೇರಿದ್ದು ಇಲ್ಲಿ ಹೆಚ್ಚು ಮಾತಾಡಬೇಕಾಗಿಲ್ಲ ಎಂಬ ಕಾರಣಕ್ಕೆ. ರೈಫಲ್‌ಗಳಿಗೆ ಎಣ್ಣೆ ಹಚ್ಚಿ, ಒರೆಸಿ, ತೆಗೆದುಕೊಂಡು ಹೋದವರಿಂದ ವಾಪಸು ಇಸಿದುಕೊಂಡರೆ ದಿನ ಮುಗಿಯಿತು. ಎಲ್ಲವೂ ಒಂದು ಕಾಲದಲ್ಲಿ ಸೈನ್ಯದವು, ಹೊಸ ಸಿಪಾಯಿಗಳ ತರಬೇತಿಗೆ ಮಾಡಿಸಿದವು. ನೋಡಲು ಯುದ್ಧದ ರೈಫಲಿನಷ್ಟೇ ಭಾರ, ಉದ್ದ. ಗುಂಡು ಮಾತ್ರ ಸಣ್ಣದು. “ಗುಂಡು ಸಣ್ಣದು ಅಂತ ಸಾವು ಸಣ್ಣದಿರೂದಿಲ್ಲ ತಂಗಿ” ಎಂದು ಉಪೇಂದ್ರ ಸರ್ ಮೊದಲ ದಿನವೇ ಹೇಳಿದ್ದರು.

ಇವತ್ತು ‘ಟಕ್’ ಎಂದದ್ದು ಒಂಬತ್ತನೆಯದು, ಕ್ಲಬ್ಬಿನ ಹುಡುಗಿ ಗಗನಾ ಹೊಡೆಯುವ ರೈಫಲ್. ಅವಳು ಗಿಡ್ಡ, ಹಿಂಬದಿಯ ಮರ ಮೋಟಾಗಿರುವುದು ಇದೊಂದಕ್ಕೇ. ಬೇರೆ ಯಾವುದನ್ನು ಹಿಡಿದರೂ ಅವಳ ಕೆನ್ನೆ ಸರಿಯಾದ ಕಡೆ ಕೂರುವುದಿಲ್ಲ. ಬರುವ ಭಾನುವಾರ ತಿರುವನಂತಪುರದಲ್ಲಿ, ರಾಕೆಟ್ ಕೇಂದ್ರವಿರುವ ತುಂಬ ಎಂಬ ಊರಿನ ಆಚೆ, ಗುಂಡು ಹಾರಿಸುವ ಒಂದು ರೇಂಜಿನಲ್ಲಿ, ಹಳೇ ರೈಫಲ್‌ಗಳ ಆಯ್ಕೆ ಪಂದ್ಯ. ಮೊದಲ ಮೂವರು ರಾಜ್ಯದ ತಂಡಕ್ಕೆ. ಆ ರೇಂಜನ್ನು ನಾನು ನೋಡಿದ್ದೇನೆ. ಗುರಿಹಲಗೆಗಳ ಹಿಂದೆ ಮಣ್ಣಿನ ದಿಬ್ಬ, ದಿಬ್ಬದ ಹಿಂದೆ ನಾಲ್ಕಾರು ತೆಂಗು, ಆಮೇಲೆ ಮರಳು. ಆ ಮರಳಿನಲ್ಲಿ ಕೂತು ಬೆಸ್ತರು ಬಲೆ ಹೊಲಿಯುತ್ತಾರೆ. ನೇರ ಹಾರಿದ ಗುಂಡು ದಿಬ್ಬದಲ್ಲಿ ಹೂತುಹೋಗುತ್ತದೆ. ಆದರೆ ಗಗನಾ ನಿಂತು ಹೊಡೆಯುವಾಗ, ಎಷ್ಟು ಬೈದರೂ, ನಳಿಕೆಯನ್ನು ಆಕಾಶಕ್ಕೆ ಎತ್ತಿಕೊಂಡೇ ಬೋಲ್ಟ್ ತಳ್ಳಿ ಗುಂಡು ತುಂಬುತ್ತಾಳೆ. ಹಿಡಿಕೆಯನ್ನು ಅಂಗೈಯಿಂದ ರಪ್ಪನೆ ಬಡಿಯುತ್ತಾಳೆ. ಆಮೇಲಷ್ಟೇ ಗುರಿಗೆ ಇಳಿಸುವುದು.

‘ಟಕ್’ ಎಂದದ್ದು ಗುಂಡನ್ನು ಸಿಡಿಸುವ ಪಿನ್ನು. ಆ ರಪ್ಪನೆ ಬಡಿಯುವ ಹೊತ್ತಿಗೆ ಈ ‘ಟಕ್’ ಆದರೆ?

ಊಟದ ಹೊತ್ತಿನವರೆಗೆ ಕಾದೆ. ಉಪೇಂದ್ರ ಸರ್ ಬುತ್ತಿಯ ಮುಚ್ಚಳ ತೆಗೆಯುತ್ತಿದ್ದರು. ಅವರು ಗದಗಿನ ಕಡೆಯವರು, ಸೈನ್ಯದ ವರ್ಕ್‌ಶಾಪಿನಿಂದ ನಿವೃತ್ತರು. ಹೆಂಡತಿ ಗ್ರೇಸಿ ಇಲ್ಲಿಯವರು, ಹಾಗಾಗಿ ಬುತ್ತಿಯಲ್ಲಿ ಯಾವಾಗಲೂ ಮೀನು, ಮಾತಿನಲ್ಲಿ ಯಾವಾಗಲೂ ಜೋಳದ ರೊಟ್ಟಿ.

“ಸರ್, ಒಂಬತ್ತರ ಪಿನ್ನು ತನ್ನಷ್ಟಕ್ಕೇ ಬಿತ್ತು. ಬೋಲ್ಟ್ ಹಾಕುವಾಗ. ನಾನು ಟ್ರಿಗರ್ ಮುಟ್ಲಿಲ್ಲ.”

“ಮುಟ್ಟದ ಹ್ಯಾಂಗ ಬೀಳತೈತಿ? ಅದೇನು ಮಾವಿನಕಾಯಿ ಏನು?”

“ಗೊತ್ತಿಲ್ಲ ಸರ್. ಬಿದ್ದದ್ದು ಹೌದು.”

ಊಟ ಬಿಟ್ಟು ಎದ್ದರು. ಅದಕ್ಕೇ ನನಗೆ ಅವರ ಮೇಲೆ ಗೌರವ. ರೈಫಲನ್ನು ಮೇಜಿಗೆ ಜೋಡಿಸಿದ ವೈಸಿನ ಕಬ್ಬಿಣದ ದವಡೆಗೆ ಸಿಕ್ಕಿಸಿ ಬೋಲ್ಟ್ ಎಳೆದು ಹಾಕಿದರು. ಮೆಲ್ಲಗೆ, ಜೋರಾಗಿ, ಮತ್ತೂ ಜೋರಾಗಿ. ಮರದ ಸುತ್ತಿಗೆಯಿಂದ ಪಕ್ಕಕ್ಕೆ ಬಡಿದರು. ಪಿನ್ನು ಅಲ್ಲಾಡಲಿಲ್ಲ. ಒಂದು ಕಣ್ಣಿನ ಪೊರೆಯನ್ನು ಈಚೆಗಷ್ಟೇ ತೆಗೆಸಿದ್ದರಿಂದ ಕಿವಿ ಕೊಟ್ಟು ಕೇಳುತ್ತಿದ್ದರು. ಬೀಳಲಿ ಎಂದು ಬೇಡಿಕೊಳ್ಳುತ್ತಿದ್ದೆನೋ, ಬೀಳದಿರಲಿ ಎಂದೋ, ನನಗೇ ತಿಳಿಯಲಿಲ್ಲ.

“ನಿನ್ನ ವೇಲಿನ ಅಂಚು ಸಿಕ್ಕಿರಬೇಕವಾ” ಎಂದರು ಕೊನೆಗೆ.

ವೇಲು ನೋಡಿಕೊಂಡೆ. ಇದ್ದರೂ ಇರಬಹುದು ಅನಿಸಿತು. ನನ್ನ ಕಣ್ಣಿಗಿಂತ ಬೇರೆಯವರ ಮಾತನ್ನು ನಂಬುವುದು ನನಗೆ ಯಾವತ್ತೂ ಸುಲಭ.

ವೈಸಿನಿಂದ ತೆಗೆಯುವಾಗ ಅವರ ಹೆಬ್ಬೆರಳಿಗೆ ಏನೋ ತಾಗಿತು. “ಹೋ, ಇಲ್ಲಿ ನೋಡು. ಗಾರ್ಡಿನ ಮುಂದಿನ ಸ್ಕ್ರೂ ಸಡ್ಲ ಆಗೈತಿ.” ಗಾರ್ಡೆಂದರೆ ಟ್ರಿಗರಿನ ಸುತ್ತಲಿನ ಕಬ್ಬಿಣದ ಬಳೆ. ಸ್ಕ್ರೂಡ್ರೈವರ್ ಹಾಕಿ ಬಿಗಿದರು. ಮರ ಸಣ್ಣಗೆ ನರಳಿದ ಸದ್ದು ಬಂತು. “ಮುಗೀತು. ಸಡ್ಲ ಇದ್ದದ್ದಕ್ಕ ಏನರ ಆಗಿತ್ತೋ ಏನೋ.”

ಸಂಜೆ ಗಗನಾ ಬಂದಳು. ಅವಳ ಅಪ್ಪ ಮೈಸೂರಿನವರು, ತುಂಬದ ರಾಕೆಟ್ ಕೇಂದ್ರದಲ್ಲಿ ವಿಜ್ಞಾನಿ. ಹುಟ್ಟಿ ಬೆಳೆದದ್ದೆಲ್ಲ ತಿರುವನಂತಪುರ, ಈಗ ಓದುವುದು ಕೊಚ್ಚಿಯಲ್ಲಿ. ಕನ್ನಡ ಮಾತಾಡುತ್ತಾಳೆ, ಮಧ್ಯದಲ್ಲಿ ಮಲಯಾಳ ತಾನಾಗಿ ಬಂದು ಕೂರುತ್ತದೆ; ನನ್ನನ್ನು ಅಕ್ಕ ಎನ್ನುವ ಬದಲು ‘ಚೇಚಿ’ ಎನ್ನುತ್ತಾಳೆ. ಗುಂಡಿಲ್ಲದೆ ಎರಡು ಸಲ ಟ್ರಿಗರ್ ಎಳೆದವಳೇ ಕಣ್ಣರಳಿಸಿದಳು.

“ಚೇಚೀ! ಇದಕ್ಕೇನ್ ಮಾಡಿದ್ರಿ? ವೆಣ್ಣ ಪೋಲೆ! ಬೆಣ್ಣೆ ಥರ!”

“ಸ್ಕ್ರೂ ಬಿಗಿ ಮಾಡಿದ್ದು, ಅಷ್ಟೇ.”

“ಮೊದಲೇ ಮಾಡ್ಬಾರ್ದಿತ್ತಾ? ಇಷ್ಟು ದಿನ ನನ್ ಬೆರಳು ಸಾಯಿಸಿದ್ರಿ. ಭಾನುವಾರ ನೋಡ್ತಿರಿ, ಎಲ್ಲರಿಗೂ ಪಾಯಸ.”

ರೈಫಲನ್ನು ವಾಪಸು ಇಡುವಾಗ ನಾನೂ ಬೆರಳಿಟ್ಟು ನೋಡಿದೆ. ಈ ಜಾತಿಯ ರೈಫಲಿನಲ್ಲಿ ಟ್ರಿಗರಿಗೆ ಎರಡು ಎಳೆತ. ಮೊದಲನೆಯದು ಮೆತ್ತಗೆ, ಉದ್ದ. ಆಮೇಲೆ ಒಂದು ತಡೆ ಸಿಗುತ್ತದೆ, ಬೆರಳಿಗೆ ‘ಇನ್ನು ಮುಂದೆ ಯೋಚಿಸು’ ಅಂದ ಹಾಗೆ. ಅದನ್ನು ದಾಟಿದರೆ ಗುಂಡು. ಒಂಬತ್ತರಲ್ಲಿ ಮೊದಲ ಎಳೆತ ಇರಲೇ ಇಲ್ಲ. ಬೆರಳು ಇಡುತ್ತಲೇ ತಡೆ, ತಡೆಯೂ ಉಸಿರಿನಷ್ಟೇ.

ಹಾಗಾದರೆ ಮೊದಲ ಎಳೆತವನ್ನು ಯಾರೋ ಆಗಲೇ ಎಳೆದಿಟ್ಟಿದ್ದಾರೆ. ಬೆರಳಿಲ್ಲದೆ.

ಈ ಯೋಚನೆ ಬಂದ ಮೇಲೆ ಹಾಸ್ಟೆಲಿನಲ್ಲಿ ಗಂಜಿಯೂ ಇಳಿಯಲಿಲ್ಲ.

ಮರುದಿನ ಉಪೇಂದ್ರ ಸರ್ ಮತ್ತು ಕ್ಲಬ್ಬಿನ ಕಾರ್ಯದರ್ಶಿ ಜೋಸೆಫ್ ಸರ್ ಇಬ್ಬರೂ ರೈಫಲ್ ಸಾಗಿಸುವ ಅನುಮತಿಗಾಗಿ ಕಲೆಕ್ಟರೇಟಿಗೆ ಹೋಗಿದ್ದರು. ಅವರಿಲ್ಲದಾಗ ನಾನು ಯಾವುದನ್ನೂ ಬಿಚ್ಚುವಂತಿಲ್ಲ. ವೇಲನ್ನು ತೆಗೆದು ಬಾಗಿಲಿನ ಮೊಳೆಗೆ ನೇತುಹಾಕಿದೆ. ಒಂಬತ್ತನ್ನು ಮೇಜಿನ ಮೇಲಿಡದೆ, ವೈಸಿಗೆ ಸಿಕ್ಕಿಸದೆ, ಗಗನಾ ಹಿಡಿಯುವ ಹಾಗೇ ಎತ್ತಿ ಹಿಡಿದೆ. ಎಡಗೈ ಟ್ರಿಗರ್ ಗಾರ್ಡಿನ ಅಡಿಗೆ, ಭಾರವೆಲ್ಲ ಆ ಕೈಯ ಮೇಲೆ. ಬೋಲ್ಟ್ ಹಾಕಿ ಹಿಡಿಕೆಯನ್ನು ರಪ್ಪನೆ ಬಡಿದೆ.

ಏನೂ ಆಗಲಿಲ್ಲ.

ಮತ್ತೆ. ಮತ್ತೆ. ಇನ್ನು ಸಾಕು ಅಂದುಕೊಂಡು ಬಡಿದ ಸಲ ‘ಟಕ್’ ಎಂದಿತು.

ಈಗ ವೇಲೂ ಇರಲಿಲ್ಲ.

ಪಕ್ಕದಲ್ಲಿದ್ದ ನಾಲ್ಕನೆಯದನ್ನೂ ತಂದು ಎರಡರ ಮುಂದಿನ ಸ್ಕ್ರೂಗಳನ್ನೂ ಬಿಚ್ಚಿದೆ. ನಾಲ್ಕರ ಗಾರ್ಡ್ ತೆಗೆದಾಗ ಮರದ ತೂತಿನೊಳಗೆ ಒಂದು ಸಣ್ಣ ಉಕ್ಕಿನ ಕೊಳವೆ ಕಂಡಿತು, ಪೆನ್ನಿನ ತುದಿಯನ್ನು ಕತ್ತರಿಸಿದ ಹಾಗೆ. ಸ್ಕ್ರೂ ಅದರ ಒಳಗಿಂದ ಹೋಗುತ್ತದೆ. ಒಂಬತ್ತರ ತೂತಿನಲ್ಲಿ ಏನೂ ಇಲ್ಲ. ಬರೀ ಮರ, ಅದೂ ಜಜ್ಜಿ ಕಪ್ಪಾದ ಮರ.

ನೋಡುತ್ತ ಕೂತಂತೆ ಅರ್ಥವಾಯಿತು. ಪಿನ್ನನ್ನು ಹಿಡಿದು ನಿಲ್ಲಿಸುವ ಕೊಕ್ಕೆ ಇರುವುದು ಮೇಲೆ, ಕಬ್ಬಿಣದ ಮೈಯಲ್ಲಿ. ಆ ಕೊಕ್ಕೆಯನ್ನು ಜಾರಿಸುವ ಟ್ರಿಗರ್ ಇರುವುದು ಕೆಳಗೆ, ಗಾರ್ಡಿನಲ್ಲಿ. ನಡುವೆ ಮರ. ಇವೆರಡೂ ಎಷ್ಟು ದೂರ ಇರಬೇಕೋ ಅಷ್ಟೇ ದೂರ ನಿಲ್ಲಿಸಲಿಕ್ಕೆ ಆ ಕೊಳವೆ. ಅದಿಲ್ಲದಿದ್ದರೆ ನಮ್ಮ ಹವೆಗೆ ಉಬ್ಬಿ, ಏಸಿಯಲ್ಲಿ ಒಣಗಿ ಮರ ಕುಗ್ಗುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ಸಡಿಲವಾಯಿತೆಂದು ಬಿಗಿದರೆ ಗಾರ್ಡು ಮೇಲೆ ಬರುತ್ತದೆ, ಅದರ ಜೊತೆ ಟ್ರಿಗರೂ ಬಂದು ಕೊಕ್ಕೆಯನ್ನು ಒತ್ತಿ ನಿಲ್ಲುತ್ತದೆ. ಅಡಿಯಿಂದ ಕೈಯೂ ಒತ್ತಿದರೆ ಕೊಕ್ಕೆ ತುದಿಯಲ್ಲಿ ತೂಗಾಡುತ್ತದೆ, ಬೋಲ್ಟಿನ ಬಡಿತಕ್ಕೆ ಜಾರಿ ಪಿನ್ನು ಬೀಳುತ್ತದೆ; ಮೊದಲ ದಿನ ಸಡಿಲವಿದ್ದ ಗಾರ್ಡನ್ನು ಮೇಲಕ್ಕೆ ಒತ್ತಿದ್ದು ರೈಫಲ್ ಹೊತ್ತ ನನ್ನ ಎಡಗೈಯೇ. ವೈಸಿನಲ್ಲಿ ಅಡಿಯಿಂದ ಒತ್ತುವ ಕೈ ಇರಲಿಲ್ಲ.

ಬೆಣ್ಣೆ ಅಂದಳಲ್ಲ ಗಗನಾ. ಆ ಬೆಣ್ಣೆ ಇದೇ.

ಉಪೇಂದ್ರ ಸರ್ ಬಂದಾಗ ಎರಡೂ ರೈಫಲ್‌ಗಳು ಹೊಟ್ಟೆ ಬಿಚ್ಚಿಕೊಂಡು ಮೇಜಿನ ಮೇಲಿದ್ದವು. ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ಕನ್ನಡಕ ಮೇಲೇರಿಸಿ ಒಂಬತ್ತರ ತೂತಿಗೆ ಬೆಂಕಿಕಡ್ಡಿ ತೂರಿಸಿ ತಡವಿದರು.

“ಬುಶ್ ಎಲ್ಲಿ?” ಆ ಕೊಳವೆಗೆ ಅವರ ಮಾತು ಅದು.

“ಇಲ್ಲ ಸರ್. ಇರ್ಲೇ ಇಲ್ಲ.”

“ಯಾವನೋ ಮರಕ್ಕ ಎಣ್ಣಿ ಹಚ್ಚಾಕ ಬಿಚ್ಚಿ ಬೀಳಿಸ್ಯಾನ. ಅದರ ಮ್ಯಾಲ ನಾನು ಬಿಗಿ ಬ್ಯಾರೆ ಮಾಡ್ದೆ.” ಬೆಂಕಿಕಡ್ಡಿ ಕೆಳಗಿಟ್ಟು ಕೇಳಿದರು, “ಗಗನಾ ಇದರಾಗ ಹೊಡದಾಳೇನು, ನಿನ್ನೆ?”

“ಖಾಲಿ ಎಳೆದು ನೋಡಿದ್ದು ಮಾತ್ರ.”

“ಪುಣ್ಯ.”

ಜೋಸೆಫ್ ಸರ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡು ತಲೆ ಹಿಡಿದುಕೊಂಡರು. ಅನುಮತಿ ಆಗಿರುವುದು ನಾಲ್ಕು ರೈಫಲ್‌ಗಳಿಗೆ, ನಂಬರು ಸಮೇತ. ಮೋಟು ರೈಫಲ್ ಬೇರೆ ಇಲ್ಲ. ಸರಿಮಾಡಿ, ಇಲ್ಲವೇ ಗಗನಾಳ ಹೆಸರು ಹೊಡೆದುಹಾಕಿ ಎಂದರು.

ನಾಲ್ಕರ ಬುಶ್ ತೆಗೆದು ಒಂಬತ್ತಕ್ಕೆ ಹಾಕಿ ನೋಡಿದೆವು. ಗಿಡ್ಡವಾಯಿತು, ನಾಲ್ಕಕ್ಕೇ ವಾಪಸು ಹಾಕಿದೆವು. ಆ ಕಾಲದಲ್ಲಿ ಒಂದೊಂದು ರೈಫಲಿಗೂ ಅದರದ್ದೇ ಅಳತೆಗೆ ಉಜ್ಜಿ ಕೂರಿಸುತ್ತಿದ್ದರಂತೆ. ಉಪೇಂದ್ರ ಸರ್ ಹೋಗಿ ಉಕ್ಕಿನ ಸಣ್ಣ ಪೈಪು ತಂದು ಎರಡು ತುಂಡು ಮಾಡಿ, ಅರವನ್ನು ನನ್ನ ಕೈಗೆ ಕೊಟ್ಟರು.

“ನಂಗ ಕಣ್ಣು ಮಂಜು. ನೀ ಉಜ್ಜು. ಉದ್ದ ಇದ್ರ ಗಾರ್ಡು ಲೊಟಲೊಟ. ಗಿಡ್ಡ ಆದ್ರ ಇದ್ದೂ ಇಲ್ಲ. ಉಜ್ಜಿದ್ದು ತಿರುಗಿ ಬರಂಗಿಲ್ಲ, ನೆನಪಿರ್ಲಿ.”

ಅದನ್ನು ಹೇಳದಿದ್ದರೆ ಚೆನ್ನಾಗಿತ್ತು. ಉಜ್ಜುವುದು, ತೂತಿಗೆ ಇಳಿಸುವುದು, ಗಾರ್ಡ್ ಕೂರಿಸುವುದು, ಸ್ಕ್ರೂ ಬಿಗಿಯುವುದು, ಟ್ರಿಗರ್ ಎಳೆಯುವುದು, ಮತ್ತೆ ಬಿಚ್ಚುವುದು. ಮೊದಲ ತುಂಡು ಸರಿಯಾಗುತ್ತ ಬಂದಿತ್ತು. ಇನ್ನೊಂದೇ ಒಂದು ಸಲ ಅಂತ ಅರ ಎಳೆದೆ, ಮೊದಲ ಎಳೆತ ಮಾಯವಾಯಿತು. ಕಣ್ಣಲ್ಲಿ ನೀರು ತುಂಬಿತು. ಉಪೇಂದ್ರ ಸರ್ ಎರಡನೇ ತುಂಡನ್ನು ನನ್ನ ಕಡೆ ಸರಿಸಿದರು, ಜಜ್ಜಿದ ಮರಕ್ಕೆ ತೇಗದ ತೆಳ್ಳನೆ ಚಕ್ಕೆ ಅಂಟಿಸುತ್ತ, “ಪೈಪು ಭಾಳ ಐತಿ ತಂಗಿ. ಭಾನುವಾರ ಒಂದ ಐತಿ” ಎಂದು ನಕ್ಕರು.

ಎರಡನೆಯದನ್ನು ಅರದಿಂದಲ್ಲ, ಬರೀ ಮರಳು ಕಾಗದದಿಂದ ತಿಕ್ಕಿದೆ. ಶನಿವಾರ ಬೆಳಗ್ಗೆ ಸ್ಕ್ರೂ ತಾನಾಗಿ ನಿಲ್ಲುವವರೆಗೆ ಬಿಗಿದಾಗ ಮರ ನರಳಲಿಲ್ಲ. ಬೆರಳಿಟ್ಟೆ. ಮೊದಲ ಎಳೆತ ಮೆತ್ತಗೆ, ಉದ್ದಕ್ಕೆ ಬಂತು. ಆಮೇಲೆ ತಡೆ. ಸರಿಯಾದ ತಡೆ. ಇಬ್ಬರೂ ಸರದಿಯಲ್ಲಿ ರೈಫಲ್ ಎತ್ತಿ ಹಿಡಿದು, ಅಡಿಯಿಂದ ಒತ್ತಿ, ಕೈ ಸೋಲುವವರೆಗೆ ಬೋಲ್ಟ್ ಬಡಿದೆವು. ಪಿನ್ನು ಬೀಳಲಿಲ್ಲ.

ಆದರೆ ಮೊನ್ನೆಯೂ ಎಷ್ಟೋ ಸಲ ಬಿದ್ದಿರಲಿಲ್ಲವಲ್ಲ? ಕ್ಲಬ್ಬಿನ ವ್ಯಾನು ಆಲಪ್ಪುಳ ದಾಟಿ, ಕೊಲ್ಲಂ ದಾಟಿ, ತಿರುವನಂತಪುರದ ತಂಪಾನೂರಿನ ಲಾಡ್ಜಿನ ಮುಂದೆ ನಿಲ್ಲುವವರೆಗೂ ಅದೊಂದೇ ತಲೆಯಲ್ಲಿ. ಬಿದ್ದದ್ದನ್ನು ತೋರಿಸಬಹುದು. ಇನ್ನು ಬೀಳುವುದಿಲ್ಲ ಎನ್ನುವುದನ್ನು ಎಷ್ಟು ಸಲ ಬಡಿದು ತೋರಿಸಲಿ?

ಭಾನುವಾರ ಬೆಳಗ್ಗೆ ರೇಂಜಿನಲ್ಲಿ ಗಗನಾ ಟ್ರಿಗರ್ ಎಳೆದು ನೋಡಿ ಮುಖ ಸಿಂಡರಿಸಿದಳು.

“ಇದೇನ್ ಚೇಚಿ? ಬಾವಿಯಿಂದ ಕೊಡ ಎಳೆದ ಹಾಗಿದೆ! ನನ್ ಬೆಣ್ಣೆ ಎಲ್ಲಿ?”

ಹೇಳಿದೆ. ಬುಶ್, ಮರ, ಕೊಕ್ಕೆ ಎಲ್ಲ ತಡವರಿಸುತ್ತ ಹೇಳಿದೆ. ಅವಳು ಕೇಳಿಸಿಕೊಂಡಳು, ಒಪ್ಪಲಿಲ್ಲ.

“ನಾನು ಈ ರೈಫಲ್ ಎಷ್ಟು ಸಲ ಲೋಡ್ ಮಾಡಿದ್ದೀನಿ? ಒಂದು ಸಲನಾದ್ರೂ ಹಾರಿದೆಯಾ? ಪ್ಲೀಸ್ ಚೇಚಿ. ಇವತ್ತೊಂದು ದಿನ ಅದನ್ನ ತೆಗೆದುಕೊಡಿ. ಸಂಜೆ ಬೇಕಾದ್ರೆ ಎರಡು ಹಾಕಿ.”

ಜೋಸೆಫ್ ಸರ್‌ಗೂ ಕ್ಲಬ್ಬಿನ ಒಬ್ಬಳಾದರೂ ತಂಡಕ್ಕೆ ಹೋಗಲಿ ಎಂಬ ಆಸೆ. ಹಳೆಯ ಹಾಗೆ ಮಾಡಿಕೊಡಲು ಎಷ್ಟು ಹೊತ್ತು ಬೇಕು ಎಂದು ಉಪೇಂದ್ರ ಸರ್‌ನ ಕೇಳಿದರು.

“ತಗಿಯಾಕ ಅರಗಳಿಗಿ ಸಾಕ್ರಿ” ಎಂದರು ಇವರು. “ಆದ್ರ ಉಜ್ಜಿ ಕೂಡಿಸಿದಾಕಿ ಅಕಿ. ಅಕೀನ್ನ ಕೇಳ್ರಿ.”

ಮೂವರೂ ನನ್ನನ್ನು ನೋಡಿದರು. ಇಂಥ ಹೊತ್ತಿನಲ್ಲಿ ನಾನು ಸಾಮಾನ್ಯವಾಗಿ ‘ಆಗ್ಲಿ’ ಎನ್ನುವವಳು. ಯಾರೂ ಹತ್ತಿರ ಬರದಿರಲೆಂದು ದಿಬ್ಬದ ಮೇಲೆ ಕೆಂಪು ಬಾವುಟ ಏರಿಸಿದ್ದರು. ಅದರ ಆಚೆ ತೆಂಗಿನ ನಡುವೆ ಯಾರದೋ ತಲೆಯ ಮೇಲಿನ ಅಲ್ಯುಮಿನಿಯಂ ಬೋಗುಣಿ ಬಿಸಿಲಿಗೆ ಹೊಳೆದು ಮರೆಯಾಯಿತು. ಬಾವುಟ ನೋಡಿ ಬೇಗ ಬೇಗ ಹೋದರೋ, ನೋಡದೆ ಹೋದರೋ.

“ವೇಂಡ, ಸರ್” ಎಂದೆ. ‘ಬೇಡ’ ಎಂಬುದನ್ನು ಮಲಯಾಳದಲ್ಲಿ ಹೇಳಿದರೆ ಬೇರೆ ಯಾರೋ ಹೇಳಿದ ಹಾಗಿರುತ್ತದೆ ನನಗೆ.

“ಖಚಿತವಾ, ಮೋಳೇ?” ಮಗಳನ್ನು ಕೇಳುವ ಹಾಗೆ ಜೋಸೆಫ್ ಸರ್ ಕೇಳಿದರು.

ಖಚಿತವಿರಲಿಲ್ಲ. “ವೇಂಡ” ಎಂದೇ ಮತ್ತೆ ಅಂದೆ. ಗಗನಾ ರೈಫಲನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡು ಹೋದಳು.

ಸಿಟ್ಟಿನಲ್ಲಿ ಅವಳು ಬೋಲ್ಟನ್ನು ಯಾವತ್ತಿಗಿಂತ ಜೋರಾಗಿ ಬಡಿದಳು. ಮೊದಲನೇ ಗುಂಡಿಗೆ ನಳಿಕೆ ದಿಬ್ಬದ ಮೇಲಿನ ಬರೀ ಆಕಾಶವನ್ನು ನೋಡುತ್ತಿತ್ತು. ರಪ್. ನಾನು ಕಣ್ಣು ಮುಚ್ಚಿದೆ. ಏನೂ ಕೇಳಿಸಲಿಲ್ಲ. ತೆರೆದಾಗ ಅವಳು ಗುರಿಗೆ ಇಳಿಸುತ್ತಿದ್ದಳು. ಗುಂಡು ಹಾರಿದ್ದು ಅವಳು ಎಳೆದ ಮೇಲೆಯೇ, ಸೇರಿದ್ದು ಹಲಗೆಯ ಕೆಳ ಅಂಚಿಗೆ. ಎರಡನೆಯದೂ ಕೆಳಗೆ. ಒಂದೊಂದು ಗುಂಡಿಗೂ ಅದೇ. ಅವಳು ರಪ್ಪನೆ ಬಡಿಯುವುದು, ಏನೂ ಆಗದಿರುವುದು, ಆಮೇಲೆ ಅವಳ ಭುಜ ಟ್ರಿಗರಿನ ಜೊತೆ ಜಗ್ಗಾಡುವುದು. ಅರ್ಧದ ನಂತರ ಬೆರಳು ಪಳಗಿತು, ಗುಂಡುಗಳು ನಡುವಿಗೆ ಬಂದವು. ತಡವಾಗಿತ್ತು. ಅವಳು ನಾಲ್ಕನೆಯವಳಾದಳು.

ವಾಪಸು ಬರುವಾಗ ಮಳೆ. ಲಾಡ್ಜಿನಿಂದ ಚೀಲ ಎತ್ತಿಕೊಂಡು ಹೊರಟ ವ್ಯಾನು ತಂಪಾನೂರಿನಲ್ಲೇ ಬಸ್ಸುಗಳ ನಡುವೆ ಸಿಕ್ಕಿಕೊಂಡು ನಿಂತಿತು. ಜೋಸೆಫ್ ಸರ್ ಇಳಿದು ಚಹಾ, ಬಾಳೆಹಣ್ಣು ಕರಿದ ಪಳಂಪೊರಿ ತಂದುಕೊಟ್ಟರು. ಗಗನಾ ಮುಂದಿನ ಸೀಟಿನಲ್ಲಿ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ತಿರುಗದೆಯೇ ಕೇಳಿದಳು.

“ನಿಜ ಹೇಳಿ ಚೇಚಿ. ನನ್ನ ಕೈಯಲ್ಲಿ ಅದು ತಾನಾಗೇ ಹಾರ್ತಿತ್ತಾ?”

“ಗೊತ್ತಿಲ್ಲ.”

“ಗೊತ್ತಿಲ್ದೇನೇ ನನ್ನ ಮ್ಯಾಚ್ ತಿಂದ್ರಾ?”

“ಹೌದು.”

ಅವಳು ತಿರುಗಿ ನನ್ನನ್ನೇ ನೋಡಿದಳು. ಏನಾದರೂ ಸಮಾಧಾನ ಹೇಳುತ್ತೇನೆಂದು ಕಾದಿರಬೇಕು. ನನ್ನ ಪಾಲಿನ ಪಳಂಪೊರಿಯನ್ನು ಅವಳ ಕಡೆ ಚಾಚಿದೆ.

“ಕೇಳ್ಲಾ ಒಂದು?” ಎಂದಳು ಅದರಲ್ಲಿ ಅರ್ಧ ಮುರಿದುಕೊಂಡು. ಈ ಸಲ ದನಿಯಲ್ಲಿ ಸಿಟ್ಟು ಕಡಿಮೆಯಿತ್ತು. “ನೀವು ಬಿಚ್ಚಿ ನೋಡಿದ್ದು ಎರಡು ರೈಫಲ್. ಇವತ್ತು ನಮ್ಮ ಹುಡುಗರು ಹೊಡೆದದ್ದು ಇನ್ನೆರಡು. ಕೋತಿನಲ್ಲಿ ಇನ್ನೂ ಇವೆ. ಅದರಲ್ಲೆಲ್ಲ ಆ ಬುಶ್ ಉಂಟಾ?”

ಉಪೇಂದ್ರ ಸರ್ ಪಳಂಪೊರಿಯನ್ನು ಬಾಯಿಂದ ಇಳಿಸಿದರು.

ಇಷ್ಟು ದಿನ ನಾನು ಒಂಬತ್ತನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಎಣ್ಣೆ ಹಚ್ಚಲು ಬಿಚ್ಚಿದವನು ಒಂದನ್ನೇ ಬಿಚ್ಚಿರುತ್ತಾನೆಯೇ?

“ನಾಳೆ ಬೆಳಿಗ್ಗೆ ಯಾರು ಅದಾರ?” ಉಪೇಂದ್ರ ಸರ್ ಕೇಳಿದರು.

“ಒಂದು ಕಾಲೇಜಿನ ಹುಡುಗಿಯರು” ಎಂದರು ಜೋಸೆಫ್ ಸರ್. “ಹೊಸಬರು. ಎಲ್ಲಾ ರೈಫಲೂ ಬೇಕು ಅಂದಿದ್ದಾರೆ.” ಅವರು ಫೋನಿನಲ್ಲಿ ನಂಬರ್ ಹುಡುಕಿ, ಅದನ್ನು ನನ್ನ ಕಡೆ ಚಾಚಿದರು. “ಅವರ ಟೀಚರ್. ನಾನು ಹೇಳಿದರೆ ಕಾರಣ ಕೇಳುತ್ತಾರೆ, ನನಗೆ ಅದು ಬರುವುದಿಲ್ಲ. ನೀನೇ ಹೇಳು, ಮೋಳೇ.”

ಫೋನ್ ಬೆಚ್ಚಗಿತ್ತು. ಆ ಕಡೆ ರಿಂಗ್ ಆಗುತ್ತಿತ್ತು. ಗಗನಾ ಮುಂದಿನ ಸೀಟಿನ ಮೇಲೆ ಗಲ್ಲವೂರಿ ನನ್ನನ್ನೇ ನೋಡುತ್ತಿದ್ದಳು. ಹೊರಗೆ ಒಂದು ಬಸ್ಸು ಬಿಡದೆ ಹಾರ್ನ್ ಹೊಡೆಯುತ್ತಿತ್ತು, ಅದಕ್ಕಿಂತ ಜೋರಾಗಿ ಮಾತಾಡಬೇಕಿತ್ತು.

“ಹಲೋ, ಟೀಚರ್? ಕ್ಲಬ್ಬಿನಿಂದ, ಪಾವನಾ. ನಾಳೆ ಮಕ್ಕಳನ್ನು ಕರೆದುಕೊಂಡು ಬರಬೇಡಿ.”

ಯಾಕೆ ಎಂದು ಅವರು ಕೇಳಿದರು. ನಾನು ಹೇಳತೊಡಗಿದೆ.